ಕಿತ್ತು ನೋಡುವ ಕೈತೋಟ

ಶಾಲಾ ಕೈತೋಟ ಅಂದರೆ ಬಹಳ ಕಡೆ ಕ್ರೋಟನ್ ಗಿಡ, ಸುಣ್ಣ ಬಳಿದ ಕಲ್ಲಿನ ಸಾಲು, ‘ಗಿಡ ಮುಟ್ಟಬೇಡಿ’ ಎಂಬ ಬೋರ್ಡು. ನೋಡಲು ಚೆಂದ, ನಿಜ. ಆದರೆ ಮುಟ್ಟಬಾರದ ಗಿಡದಿಂದ ಮಗು ಏನು ಕಲಿಯಬೇಕು? ಕೊಪ್ಪಳ ಕಡೆಯ ಪ್ರಾಥಮಿಕ ಶಾಲೆಗಳ ಮೇಷ್ಟ್ರಿಗೆ, ಟೀಚರಮ್ಮನವರಿಗೆ ನನ್ನ ಮನವಿ ಇಷ್ಟೇ: ಅಂಗಳದಲ್ಲಿ ನಾಲ್ಕು ಸಾಲು ಶೇಂಗಾ ಹಾಕಿ. ಮಕ್ಕಳು ಅದನ್ನು ಧಾರಾಳವಾಗಿ ಕಿತ್ತು ನೋಡಲಿ.

ಕಾಲವೂ ಕೂಡಿ ಬರುತ್ತದೆ. ಜೂನ್‌ನಲ್ಲಿ ಶಾಲೆ ಶುರು, ಮುಂಗಾರೂ ಶುರು. ತಿಂಗಳ ಕೊನೆಗೆ ಬಿತ್ತಿದರೆ ಅಕ್ಟೋಬರ್ ಹೊತ್ತಿಗೆ ಕಾಯಿ ಬಲಿಯುತ್ತದೆ. ನಡುವೆ ಮಳೆ ಕೈಕೊಟ್ಟರೆ ಬಿಸಿಯೂಟದ ಮುಂಚೆ ಮಕ್ಕಳು ಕೈ ತೊಳೆದ ನೀರಿದೆ.

ಬಿತ್ತಿದ ಸುಮಾರು ಒಂದು ತಿಂಗಳಿಗೆ ಹಳದಿ ಹೂ ಬರುತ್ತದೆ. ಬೆಳಗ್ಗೆ ಅರಳಿದ್ದು ಅದೇ ದಿನ ಬಾಡುತ್ತದೆ. ಆಮೇಲೆ ನೋಡಬೇಕು. ಕೆಲವೇ ದಿನಕ್ಕೆ ಹೂವಿದ್ದ ಜಾಗದಿಂದ ಚೂಪು ತುದಿಯ ಒಂದು ಎಳೆ ಕೆಳಗಿಳಿಯುತ್ತದೆ. ಮಕ್ಕಳು ಅದನ್ನು ಬೇರು ಅಂತಾರೆ. ದೊಡ್ಡವರೂ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಅದರ ತುದಿಯಲ್ಲಿರುವುದು ಮುಂದೆ ಶೇಂಗಾ ಬೀಜ ಆಗಬೇಕಾದ ಭಾಗ. ಅದು ಗುರುತ್ವದ ದಿಕ್ಕು ಹಿಡಿದು ಮಣ್ಣು ಹೊಕ್ಕುತ್ತದೆ, ಒಳಗೆ ಅಡ್ಡ ತಿರುಗುತ್ತದೆ, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಹೂ ಮೇಲೆ, ಕಾಯಿ ಕೆಳಗೆ! ಇದನ್ನು ಸುಮ್ನೆ ನಂಬಬೇಕಿಲ್ಲ. ಒಂದು ಗಿಡದ ಕೆಳಗೆ ಒಡೆದ ಬಕೆಟ್ಟಿನ ತುಂಡು ಇಡಿ. ಎಳೆ ಮಣ್ಣು ಮುಟ್ಟದಿದ್ದರೆ ಕಾಯಿ ಕಟ್ಟುವುದಿಲ್ಲ.

ನಮ್ಮಲ್ಲಿ ಎರೆ ಅಂದರೆ ಕಪ್ಪು ನೆಲವೂ ಇದೆ, ಮಸಾರಿ ಅಂದರೆ ಕೆಂಪು ನೆಲವೂ ಇದೆ. ಎರಡು ಸಾಲಿಗೆ ಎರೆ ಮಣ್ಣು, ಎರಡಕ್ಕೆ ಮಸಾರಿ ತಂದು ಹಾಕಬಹುದು. ಸಡಿಲವಾದ ಮಸಾರಿಯಲ್ಲಿ ಎಳೆ ಸಲೀಸಾಗಿ ಇಳಿಯುತ್ತದೆ. ಎರೆಯಲ್ಲಿ ಜೇಡಿ ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಅಲ್ಲಿ ಕಿತ್ತರೆ ಗಿಡ ಕೈಗೆ, ಕಾಯಿ ಮಣ್ಣಿಗೆ.

ಹೂ ಬಿಡುವಾಗ ಒಂದು ಗಿಡವನ್ನು ಬುಡಸಮೇತ ತೆಗೆದು ಬೇರು ತೊಳೆಯಿರಿ. ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿ ಒದಗಿಸುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡ ನೇರವಾಗಿ ಬಳಸಲಾರದು. ಆ ಕೆಂಪು ಬಣ್ಣ ಕೊಡುವುದು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗಕ್ಕೇ ಸೇರಿದ ಪ್ರೋಟೀನು. ಗಂಟು ಕೆಂಪಗಿದ್ದರೆ ಕೆಲಸ ನಡೆದಿದೆ ಅಂತ ಅರ್ಥ.

ಶೇಂಗಾ ಬೆಳೆಯುವ ಮನೆಯ ಮಕ್ಕಳಿಗೆ ಅಪ್ಪ ಹೊಲಕ್ಕೆ ಜಿಪ್ಸಂ ಹಾಕುವುದು ಗೊತ್ತಿರುತ್ತದೆ. ಯಾಕೆ ಅಂತ ಕೇಳಿ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಏರುತ್ತದೆ, ಕಾಯಿಗೆ ಇಳಿದು ಬರುವುದು ತೀರಾ ಕಡಿಮೆ. ಹಾಗಾಗಿ ಕಾಯಿ ತನ್ನ ಸುತ್ತಲಿನ ಮಣ್ಣಿನಿಂದಲೇ ಅದನ್ನು ಹೀರಬೇಕು. ಸಿಗದಿದ್ದರೆ ಜೊಳ್ಳು. ಒಂದು ಸಾಲಿಗೆ ಜಿಪ್ಸಂ ಹಾಕಿ, ಅದೇ ಮಣ್ಣಿನ ಪಕ್ಕದ ಸಾಲಿಗೆ ಹಾಕದೆ ಬಿಡಿ. ಕಿತ್ತ ದಿನ ಎರಡೂ ಸಾಲಿನ ಜೊಳ್ಳು ಕಾಯಿಗಳನ್ನು ಮಕ್ಕಳೇ ಎಣಿಸಿ ಗೋಡೆಯ ಬೋರ್ಡಿನ ಮೇಲೆ ಬರೆಯಲಿ, ಗಣಿತವೂ ಆಯಿತು ಅಲ್ವಾ?