ಮೊಲ ಉಳಿಯಿತು ಸರಿ, ಮದ್ದು ಕೊಟ್ಟಿದ್ದು ಯಾವಾಗ?

1891ರಲ್ಲಿ ಜರ್ಮನಿಯ ಕ್ಲೆಂಪೆರರ್ ಸಹೋದರರು ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧ ರೋಗನಿರೋಧಕ ಶಕ್ತಿ ಬೆಳೆಸಿಕೊಂಡ ಮೊಲಗಳ ಸೀರಮ್, ಅಂದರೆ ರಕ್ತದ ತಿಳಿ ದ್ರವ, ತೆಗೆದು ಬೇರೆ ಮೊಲಗಳಿಗೆ ಚುಚ್ಚಿದರು. ಅವಕ್ಕೂ ರಕ್ಷಣೆ ಸಿಕ್ಕಿತು. ಕೆಲಸ ಮಾಡಿದ್ದು ಸೀರಮ್‌ನಲ್ಲಿದ್ದ ಆಂಟಿಬಾಡಿ, ಅಂದರೆ ಪ್ರತಿಕಾಯ.

1910ರ ದಶಕದಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಆಸ್ಪತ್ರೆ ಇದನ್ನೇ ಚಿಕಿತ್ಸೆ ಮಾಡಿಕೊಂಡಿತು. ಸೀರಮ್ ಕುದುರೆಯದು. ತೊಡಕು ಏನೆಂದರೆ ನ್ಯುಮೋಕಾಕಸ್‌ನಲ್ಲಿ ಹಲವು ಬಗೆ, ಒಂದು ಬಗೆಯ ಸೀರಮ್ ಇನ್ನೊಂದಕ್ಕೆ ನಾಟುವುದಿಲ್ಲ. ಬಗೆ ಗೊತ್ತುಮಾಡಲು ರೋಗಿಯ ಕಫವನ್ನು ಇಲಿಯ ಹೊಟ್ಟೆಗೆ ಚುಚ್ಚುತ್ತಿದ್ದರು. ಅಲ್ಲಿ ನ್ಯುಮೋಕಾಕಸ್ ಬೇಗ ಹೆಚ್ಚುತ್ತದೆ. ಕೆಲವು ಗಂಟೆ ಬಿಟ್ಟು ಹೊಟ್ಟೆಯ ದ್ರವ ತೆಗೆದು, ಯಾವ ಸೀರಮ್ ಬೆರೆಸಿದರೆ ಬ್ಯಾಕ್ಟೀರಿಯಾ ಗಂಟುಕಟ್ಟುತ್ತದೆ ಅಂತ ನೋಡುತ್ತಿದ್ದರು. ಅಷ್ಟು ಹೊತ್ತು ರೋಗಿ ಕಾಯಬೇಕು. ಸೀರಮ್ ಚೆನ್ನಾಗಿ ಫಲ ಕೊಡುತ್ತಿದ್ದುದೋ ಕಾಯಿಲೆಯ ಮೊದಲ ಕೆಲವು ದಿನಗಳಲ್ಲಿ ಕೊಟ್ಟರೆ! ಮೇಲಿಂದ ಕುದುರೆಯ ಪ್ರೋಟೀನ್ ಒಗ್ಗದೆ ಜ್ವರ, ದದ್ದು ಬೇರೆ. ಬ್ಯಾಕ್ಟೀರಿಯಾ ಅಡಗಿಸುವ ಸಲ್ಫಾ ಮದ್ದುಗಳು, ಆಮೇಲೆ ಪೆನ್ಸಿಲಿನ್ ಬಂದವು. ಸೀರಮ್ ಮೂಲೆ ಸೇರಿತು.

ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿಯಾದ ಮೇಲೆ ಹಳೆಯ ದಾರಿ ಮತ್ತೆ ನೆನಪಾಯಿತು. ಈ ಸಲ ಲ್ಯಾಬಿನಲ್ಲೇ ತಯಾರಾದ ಮೋನೋಕ್ಲೋನಲ್ ಪ್ರತಿಕಾಯ, ಅಂದರೆ ಒಂದೇ ಗುರಿಗೆ ಅಂಟುವ ಒಂದೇ ಬಗೆಯ ಪ್ರತಿಕಾಯ. ಆದರೆ ಯಾವ ಪ್ರಾಣಿಯಲ್ಲಿ ಪರೀಕ್ಷಿಸಬೇಕು? ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಎರಡು ವಿಷ ತಗೊಳ್ಳಿ, ಆಲ್ಫಾ ಟಾಕ್ಸಿನ್ ಮತ್ತು ಪಿವಿಎಲ್. ಆಲ್ಫಾ ಟಾಕ್ಸಿನ್ ಇಲಿಯ ಶ್ವಾಸಕೋಶವನ್ನು ಹಾಳುಮಾಡುತ್ತದೆ. ಪಿವಿಎಲ್ ಆದರೋ ಮನುಷ್ಯರ, ಮೊಲಗಳ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆ, ಇಲಿಯದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಇಲಿಯನ್ನೇ ನಂಬಿ ಕೂತವರಿಗೆ ಪಿವಿಎಲ್ ನಿರಪಾಯ ಅಂತಲೇ ಕಂಡೀತು, ಅಲ್ವಾ?

ಇನ್ನು ಸಮಯದ ಮಾತು. ಸೋಂಕು ಹತ್ತುವ ಮೊದಲೇ ಪ್ರತಿಕಾಯ ಕೊಟ್ಟು ಇಲಿಯನ್ನು ಉಳಿಸಿದ ಫಲಿತಾಂಶ ನೋಡಲು ಚಂದ. ರೋಗಿ ಹಾಗೆ ಮುಂಚೆ ಬರುವುದಿಲ್ಲ. ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು ಆಂಥ್ರಾಕ್ಸ್ ಪ್ರಯೋಗ. ಜನರಿಗೆ ಬೇಕಂತಲೇ ಆಂಥ್ರಾಕ್ಸ್ ಅಂಟಿಸಿ ನೋಡಲಾಗದು. ಹಾಗಾಗಿ ಮೊಲ, ಕೋತಿಗಳಿಗೆ ಆಂಥ್ರಾಕ್ಸ್ ಬೀಜಕಣ ಉಸಿರಾಡಿಸಿದರು. ಮೊಲದ ಮೈ ಬಿಸಿಯಾದ ಮೇಲೋ, ರಕ್ತದಲ್ಲಿ ವಿಷದ ಸುಳಿವು ಸಿಕ್ಕ ಮೇಲೋ ಮದ್ದು ಕೊಟ್ಟರು. ಮದ್ದಿಲ್ಲದವು ಎಲ್ಲವೂ ಸತ್ತವು. ಆ ಮದ್ದು, ರಾಕ್ಸಿಬಾಕುಮ್ಯಾಬ್ ಎಂಬ ಪ್ರತಿಕಾಯ; ಅದರ ದೊಡ್ಡ ಡೋಸ್ ಪಡೆದ ಮೊಲಗಳಲ್ಲಿ ಶೇ 44, ಕೋತಿಗಳಲ್ಲಿ ಶೇ 64 ಬದುಕಿದವು. ಆರೋಗ್ಯವಂತ ಜನರಲ್ಲಿ ನೋಡಿದ್ದು ಸುರಕ್ಷತೆಯನ್ನಷ್ಟೇ. ಇಷ್ಟರ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿತು.

ಆಲ್ಫಾ ಟಾಕ್ಸಿನ್ ತಡೆಯುವ ಪ್ರತಿಕಾಯ ಸುವ್ರಾಟಾಕ್ಸುಮ್ಯಾಬ್ ಯುರೋಪಿನ ಐಸಿಯುಗಳಿಗೆ ಹೋಯಿತು. ವೆಂಟಿಲೇಟರ್‌ನಲ್ಲಿದ್ದು, ಮೈಯಲ್ಲಿ ಆರಿಯಸ್ ಇದ್ದರೂ ಇನ್ನೂ ನ್ಯುಮೋನಿಯಾ ಆಗದವರಿಗೆ ಅದನ್ನು ಕೊಟ್ಟರು. ಪ್ರಾಣಿಗಳಲ್ಲಿ ಮುಂಚೆಯೇ ಕೊಟ್ಟ ಹಾಗೆ. 2021ರಲ್ಲಿ ಬಂದ ಫಲಿತಾಂಶ: ಮದ್ದು ಪಡೆದವರಲ್ಲಿ ಶೇ 18 ಮಂದಿಗೆ, ಪಡೆಯದವರಲ್ಲಿ ಶೇ 26 ಮಂದಿಗೆ ನ್ಯುಮೋನಿಯಾ. ಕೇಳಲು ಚೆನ್ನಾಗಿದೆ, ಆದರೆ ಒಟ್ಟು ರೋಗಿಗಳೇ 200ಕ್ಕಿಂತ ಕಡಿಮೆ. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕಾಯ ಗ್ರೆಮುಬಾಮ್ಯಾಬ್ ಇಲಿಗಳನ್ನೂ ಮೊಲಗಳನ್ನೂ ಕಾಪಾಡಿತ್ತು. ಐಸಿಯುವಿನಲ್ಲಿ ಅದು ನ್ಯುಮೋನಿಯಾ ತಗ್ಗಿಸಲೇ ಇಲ್ಲ.