ಲೈನ್ ಮನೆಯ ಆರೋಗ್ಯ: ಕೊಡಗಿನ ಹಳೆಯ ಬಾಕಿ

ದಕ್ಷಿಣ ಕೊಡಗಿನಲ್ಲಿ ಲೈನ್ ಮನೆ ಕಾಣದವರಿಲ್ಲ. ಕಾಫಿ ತೋಟದ ಆಳುಗಳ ವಾಸಕ್ಕೆಂದು ಕಟ್ಟಿದ, ಗೋಡೆಗೆ ಗೋಡೆ ಅಂಟಿದ ಕೋಣೆಗಳ ಸಾಲು, ಮೇಲೆ ಶೀಟು, ಒಳಗೆ ಸೌದೆ ಒಲೆಯ ಹೊಗೆ, ಆಷಾಢದ ಮಳೆಗೆ ತಿಂಗಳುಗಟ್ಟಲೆ ಆರದ ನೆಲ. ಅಲ್ಲಿನ ಮಗುವಿಗೆ ಕೆಮ್ಮು ಬಂದರೆ ಔಷಧಿಯ ಮಾತು ಬರುತ್ತದೆ. ಆ ಕೋಣೆ ಯಾರದು, ಕೆಲಸ ಬಿಟ್ಟರೆ ಮಗುವಿನ ತಾಯಿ ಎಲ್ಲಿ ಮಲಗಬೇಕು ಎಂಬ ಮಾತು ಮಾತ್ರ ಆಸ್ಪತ್ರೆಯ ಚೀಟಿಯಲ್ಲಿ ಬರುವುದಿಲ್ಲ. ಇಲ್ಲಿನ ಬುಡಕಟ್ಟುಗಳಾದ ಎರವರು, ಜೇನು ಕುರುಬರು, ಬೆಟ್ಟ ಕುರುಬರ ಕಾಯಿಲೆಗಳ ಬೇರು ಬಹುಪಾಲು ಇರುವುದು ಅಲ್ಲೇ.

1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಸೇರಿದಾಗ ಎರವರು ಭತ್ತದ ಗದ್ದೆಗಳಲ್ಲಿ ಜೀತಕ್ಕಿದ್ದರು. ಗುಲಾಮಗಿರಿಗೆ ನ್ಯಾಯಾಲಯದಲ್ಲಿ ಇದ್ದ ಮಾನ್ಯತೆಯನ್ನು 1843ರ ಕಾಯ್ದೆ ತೆಗೆದುಹಾಕಿತು. ಆದರೆ ನಿಲ್ಲಲು ಸ್ವಂತ ನೆಲ ಸಿಗಲಿಲ್ಲ. ಮುಂದಿನ ದಶಕದಲ್ಲಿ ಮಡಿಕೇರಿಯ ಸುತ್ತ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಮೇಸ್ತ್ರಿಗಳು ಮುಂಗಡ ಕೊಟ್ಟು ಮೈಸೂರು ಸೀಮೆಯಿಂದ ಆಳುಗಳನ್ನು ಕರೆತಂದರು. ಮುಂಗಡ ಪಡೆದವನು ತಕ್ಕ ಕಾರಣವಿಲ್ಲದೆ ಕೆಲಸ ಬಿಟ್ಟರೆ 1859ರ ಕಾಯ್ದೆಯ ಪ್ರಕಾರ ಜೈಲಿಗೂ ಹೋಗಬೇಕಿತ್ತು. ಮಲೇರಿಯಾ ಜ್ವರಕ್ಕೆ ಹೆದರಿ ಊರಿಗೆ ಹೊರಟವನ ಕಾರಣ ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದವನು ವೈದ್ಯನಲ್ಲ, ಮ್ಯಾಜಿಸ್ಟ್ರೇಟು.

ಸ್ವಾತಂತ್ರ್ಯ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ಹೆಜ್ಜೆಯೇ ಆಗಿತ್ತು. ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ, ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ, ವಾಸಕ್ಕೆ ಮನೆ ಎಲ್ಲವನ್ನೂ ಮಾಲೀಕರೇ ಕೊಡಬೇಕೆಂದು ಅದು ಬರೆಯಿತು. ಆದರೆ ಮನೆಯನ್ನೂ ಚಿಕಿತ್ಸೆಯನ್ನೂ ಉದ್ಯೋಗಕ್ಕೆ ಕಟ್ಟಿಹಾಕಿತು. ತೋಟದ ವ್ಯವಸ್ಥೆ ಸರಿಯಿಲ್ಲ ಎಂದು ದೂರು ಕೊಡುವವಳು ಸೂರನ್ನೇ ಪಣಕ್ಕಿಡಬೇಕಿತ್ತು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ಈ ಕಾಯ್ದೆಯ ದೊಡ್ಡ ಕೊರತೆ ನನ್ನ ಮಟ್ಟಿಗೆ ಇದೇ.

ಇನ್ನೊಂದು ಕೊರತೆ ಅಳತೆಯದ್ದು. ಮೊದಲು ಈ ಕಾಯ್ದೆ ಕನಿಷ್ಠ 25 ಎಕರೆ, 30 ಆಳು ಇದ್ದ ತೋಟಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರ್, 15 ಆಳಿಗೆ ಇಳಿಸಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಕೊಡಗಿನಲ್ಲಿ ಹೆಚ್ಚಿನವು ಸಣ್ಣ ಹಿಡುವಳಿಗಳೇ. ನಾಲ್ಕಾರು ಎಕರೆಯ ತೋಟದಲ್ಲಿ ಹಣ್ಣು ಕುಯ್ಯುವ ಎರವ ಹೆಂಗಸಿಗೆ ಆ ಕಾಯ್ದೆ ಸಂಬಂಧವೇ ಇಲ್ಲದ್ದಾಗಿತ್ತು. ಸಣ್ಣ ಬೆಳೆಗಾರರಿಗೂ ಆಸ್ಪತ್ರೆ ಕಟ್ಟುವ ಶಕ್ತಿಯಿಲ್ಲ ಎನ್ನುವುದು ನಿಜ. ಹಾಗಾದರೆ ಆ ಹೊಣೆ ಸರ್ಕಾರದ ಹೆಗಲಿಗೆ ಬರಬೇಕಿತ್ತು, ಬರಲಿಲ್ಲ. 1976ರಲ್ಲಿ ಜೀತ ಪದ್ಧತಿ ಕಾನೂನಿನಲ್ಲಿ ರದ್ದಾಯಿತು. ಮುಂಗಡದ ಲೆಕ್ಕ ಮಾತ್ರ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಉಳಿದುಕೊಂಡಿತು.

ಅತ್ತ ಕಾಡಿನ ಬಾಗಿಲೂ ಮುಚ್ಚುತ್ತಾ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಾಗರಹೊಳೆ ಕಾಡಿನ ಹಾಡಿಗಳಿಂದ, ಅಂದರೆ ಬುಡಕಟ್ಟು ಜನರ ಊರುಗಳಿಂದ, ಹೊರಬಿದ್ದ ಅನೇಕ ಕುಟುಂಬಗಳು ಬಂದು ಸೇರಿದ್ದು ಇದೇ ಲೈನ್ ಮನೆಗಳಿಗೆ. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ ಸ್ಥಳಾಂತರದ ನಷ್ಟ ಅನುಭವಿಸಿದ 3,418 ಕುಟುಂಬಗಳ ಲೆಕ್ಕ ಅದರಲ್ಲಿತ್ತು. ಕಾಡಿನ ಗೆಡ್ಡೆ, ಸೊಪ್ಪು, ಜೇನು, ಮೀನು ತಟ್ಟೆಯಿಂದ ಹೋಗಿ ಪಡಿತರದ ಅಕ್ಕಿ ಬಂದರೆ ರಕ್ತಹೀನತೆ ಹೆಚ್ಚುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅದರ ಮೇಲೆ ಕುಡಗೋಲು ಕಣ ರೋಗ. ಎರವ, ಜೇನು ಕುರುಬ ಸಮುದಾಯಗಳಲ್ಲಿ ಇದು ರಕ್ತದಲ್ಲೇ ಹರಿದು ಬಂದಿದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು ಗಂಟುಗಳಲ್ಲಿ ಜೀವ ಹಿಂಡುವ ನೋವು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ರೋಗವಿಲ್ಲದೆ ಅದರ ಗುಣವನ್ನಷ್ಟೇ ಹೊತ್ತವರಾಗಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ಚಳಿ, ನೀರಿನ ಕೊರತೆ, ವಿಪರೀತ ದುಡಿಮೆ ನೋವನ್ನು ಕೆರಳಿಸುತ್ತವೆ. ಜೂನ್‌ನ ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಗೊಬ್ಬರ ಹಾಕುವವಳ, ಮಾರ್ಚ್‌ನ ಬಿಸಿಲಲ್ಲಿ ಬಾಟಲಿ ನೀರು ಮುಗಿದ ಮೇಲೂ ಕುಯ್ಲು ನಿಲ್ಲಿಸದವಳ ಮೈಗೆ ಈ ಮೂರೂ ಒಟ್ಟಿಗೇ ಬೀಳುತ್ತವೆ. ಅವಳು ಮಲಗಿದರೆ ಅದಕ್ಕೆ ಸೋಮಾರಿತನದ ಹೆಸರು, ಆ ದಿನದ ಕೂಲಿಯೂ ಇಲ್ಲ.

ಕುಡಗೋಲು ಕಣ ರೋಗ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಅಭಿಯಾನ ಆರಂಭಿಸಿ 2047ರ ಗುರಿ ಇಟ್ಟಿದೆ. ಪರೀಕ್ಷೆ ಬೇಕು, ನೋವಿನ ಬಾಧೆ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಬೇಕು. ಆದರೆ ಮದುವೆಗೆ ಮುನ್ನ ಹೊಂದಿಸಿ ನೋಡಲೆಂದು ಕೊಡುವ ಪರೀಕ್ಷೆಯ ಫಲಿತಾಂಶದ ಕಾರ್ಡು ಹುಡುಗಿಯ ಮೇಲೆ ಕಳಂಕವಾಗದಂತೆ, ಅವಳ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕೈಗೆ ಹೋಗದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯಷ್ಟೇ ಮುಖ್ಯ.

2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ನೂರಾರು ಗುಡಿಸಲುಗಳನ್ನು ಕೆಡವಿತು. ಅಲ್ಲಿದ್ದವರಲ್ಲಿ ಬಹಳ ಮಂದಿ ಲೈನ್ ಮನೆ ಬಿಟ್ಟು ಬಂದವರು. ತೋಟಕ್ಕೆ ಮರಳುವುದಿಲ್ಲ ಎಂದು ಹಟ ಹಿಡಿದು ಬಯಲಲ್ಲೇ ಕೂತರು. ಹೋರಾಟದ ನಂತರ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆಯ ಬಲದ ಮೇಲೆ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಹಿಂತಿರುಗಿದವು.

ಇತ್ತ ಅತಿ ದುರ್ಬಲ ಬುಡಕಟ್ಟುಗಳಿಗೆಂದು ಕೇಂದ್ರ 2023ರ ನವೆಂಬರಿನಲ್ಲಿ ತಂದ ಪಿಎಂ ಜನಮನ್ ಯೋಜನೆಯ ಮನೆಗಳು ಕರ್ನಾಟಕದಲ್ಲಿ ಜೇನು ಕುರುಬರಿಗೂ ಕೊರಗರಿಗೂ ಮೀಸಲು. ಎರವರು ಆ ಪಟ್ಟಿಯಲ್ಲಿಲ್ಲ. ಅದೇ ಸಾಲಿನ ಪಕ್ಕದ ಕೋಣೆಯಲ್ಲಿ, ಅದೇ ಹೊಗೆ ಕುಡಿಯುತ್ತಿರುವ ಎರವ ಕುಟುಂಬಕ್ಕೆ ರಾಜ್ಯ ಸರ್ಕಾರ ನಿವೇಶನ ಕೊಡಬೇಕು. ವಾಸದ ದೃಢೀಕರಣಕ್ಕೆ ತೋಟದ ಮಾಲೀಕರ ಪತ್ರ ತರುವಂತೆ ಯಾವ ಕಚೇರಿಯೂ ಅವರನ್ನು ಕೇಳಕೂಡದು.