ಜೆರೇನಿಯಂಗೆ ಕತ್ತರಿ ಹಾಕುವ ಹೊತ್ತು

ಕುಂಡದಲ್ಲಿ ಕೆಂಪು ಗೊಂಚಲು ಬಿಡುವ ಗಿಡವನ್ನು ಎಲ್ಲರೂ ಜೆರೇನಿಯಂ ಅಂತಲೇ ಕರೆಯುತ್ತಾರೆ. ಅಸಲಿಗೆ ಅದು ಪೆಲಾರ್ಗೋನಿಯಂ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿಟಿಯೆ ಬೇರೆ ಮಾಡಿದ, ಆದರೆ ಹಳೆಯ ಹೆಸರು ಹೋಗಲಿಲ್ಲ. ಹೂ ನೋಡಿದರೆ ಗುರುತು ಸಿಗುತ್ತದೆ. ಜೆರೇನಿಯಂ ಹೂವಿನ ಐದೂ ಎಸಳು ಒಂದೇ ತರ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಒಂದು ತರ, ಕೆಳಗಿನ ಮೂರು ಇನ್ನೊಂದು ತರ. ಬೆಳೆಸುವವರಿಗೆ ಇದು ಮುಖ್ಯ. ಹಿಮ ಬಿದ್ದರೆ ಪೆಲಾರ್ಗೋನಿಯಂ ಸಾಯುತ್ತದೆ. ನಿಜವಾದ ಜೆರೇನಿಯಂಗಳಲ್ಲಿ ಹೆಚ್ಚಿನವು ಮೇಲಿನ ಸೊಪ್ಪು ಒಣಗಿದರೂ ಮಣ್ಣಿನೊಳಗೆ ಜೀವ ಹಿಡಿದುಕೊಂಡಿದ್ದು, ಚಳಿ ಕಳೆದ ಮೇಲೆ ಚಿಗುರುತ್ತವೆ.

ಇಲ್ಲಿಂದ ಮುಂದೆ ಮಾತು ನಿಜವಾದ ಜೆರೇನಿಯಂನದು. ಈ ಗಿಡಕ್ಕೆ ಬೇಕಿರುವುದು ಬೀಜ, ನಮಗೆ ಬೇಕಿರುವುದು ಹೂ. ಆರೈಕೆಯ ಮುಕ್ಕಾಲು ಪಾಲು ಈ ಜಗಳ ಬಿಡಿಸುವುದೇ.

ಬೀಜಕ್ಕಾಗಿ ಅದು ಪಡುವ ಪಾಡು ನೋಡಿ. 1787ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಸ್ಪ್ರೆಂಗೆಲ್ ಕಾಡು ಜೆರೇನಿಯಂ ಒಂದರ ಎಸಳಿನ ಬುಡದಲ್ಲಿ ನವಿರು ಕೂದಲು ಕಂಡ. ಮಳೆಹನಿ ಮಕರಂದಕ್ಕೆ ಸೇರದಂತೆ ಅವು ತಡೆಯುತ್ತವೆ ಎಂದು ಊಹಿಸಿದ. ಹಾಗಾದರೆ ಮಕರಂದ ಯಾರಿಗಾಗಿ? ಕೀಟಗಳಿಗೆ, ಪರಾಗ ಹೊತ್ತು ಬೀಜ ಕಟ್ಟಿಸುವುದು ಅವೇ. ಹೂ ಮತ್ತು ಕೀಟಗಳ ನಂಟಿನ ಬಗ್ಗೆ 1793ರಲ್ಲಿ ಅವನು ದೊಡ್ಡ ಗ್ರಂಥವನ್ನೇ ತಂದ. ಇದೆಲ್ಲ ಶುರುವಾದದ್ದು ಆ ಕೂದಲಿನಿಂದ!

ಎಸಳು ಉದುರಿದ ಮೇಲೆ ಹೂವಿನ ನಡುಭಾಗ ಕೊಕ್ಕಿನಂತೆ ಉದ್ದವಾಗುತ್ತದೆ. ಬುಡದಲ್ಲಿ ಐದು ಬೀಜದ ಗೂಡು, ಒಂದೊಂದಕ್ಕೂ ಕೊಕ್ಕಿನುದ್ದ ಒಂದು ಪಟ್ಟಿ. ಒಣಗುವಾಗ ಪಟ್ಟಿಯ ಹೊರಮೈ ಒಳಮೈಗಿಂತ ಜಾಸ್ತಿ ಕುಗ್ಗುತ್ತದೆ. ಬಿಗಿ ಏರಿ ಏರಿ ಒಮ್ಮೆಲೇ ಬಿಡುತ್ತದೆ. ಪಟ್ಟಿ ಮೇಲಕ್ಕೆ ಸುರುಳಿಯಾಗುತ್ತದೆ, ಹಲವು ಜಾತಿಗಳಲ್ಲಿ ಬೀಜ ಕವಣೆಯ ಕಲ್ಲಿನಂತೆ ಹಾರುತ್ತದೆ. ನೆಡದ ಜಾಗದಲ್ಲೂ ಸಸಿ ಏಳುವುದು ಯಾಕೆ ಅಂತ ಗೊತ್ತಾಯ್ತಲ್ವಾ?

ಕೊಕ್ಕು ಬಲಿಯುವ ಮೊದಲೇ, ಅಂದರೆ ಮೊದಲ ಸುತ್ತಿನ ಹೂ ಮುಗಿಯುತ್ತಿದ್ದಂತೆ, ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ ನೀರು ಕೊಡಿ. ಕೈ ಹಿಂಜರಿಯುತ್ತದೆ, ನಿಜ. ಕೆಲವೇ ವಾರಗಳಲ್ಲಿ ಹೊಸ ಎಲೆ ತುಂಬಿಕೊಳ್ಳುತ್ತದೆ. ಹುಲ್ಲುಗಾವಲಿನ ಪ್ರಾಟೆನ್ಸೆ ಜಾತಿಯಂಥವು ಎಷ್ಟೋ ಸಲ ಮತ್ತೆ ಹೂ ಬಿಡುತ್ತವೆ. ಅದರ ಎಲೆಗೆ ಬೂದಿ ರೋಗ ಬಂದಿದ್ದರೆ ಅದೂ ಕತ್ತರಿಯ ಜೊತೆಗೇ ಹೋಗುತ್ತದೆ.

ಜೆರೇನಿಯಂನ 'ರೊಜಾನ್' ತಳಿಗೆ ಈ ಉಪಾಯವೇ ಬೇಡ. ಹಿಮಾಲಯದ ಎರಡು ಜಾತಿಗಳು ಇಂಗ್ಲೆಂಡಿನ ಸಾಮರ್‌ಸೆಟ್‌ನ ಒಂದು ತೋಟದಲ್ಲಿ ತಾವಾಗಿಯೇ ಕೂಡಿ ಹುಟ್ಟಿದ್ದು ಇದು. ಬೀಜ ಕಟ್ಟುವುದಿಲ್ಲ. ಹಾಗಾಗಿ ಬೇಸಿಗೆಯಿಂದ ಹಿಮ ಬೀಳುವವರೆಗೂ ನೀಲಿ ಹೂ ಬಿಡುತ್ತಲೇ ಇರುತ್ತದೆ. 2013ರಲ್ಲಿ ಲಂಡನ್ನಿನ ಚೆಲ್ಸಿ ಹೂ ಪ್ರದರ್ಶನಕ್ಕೆ ನೂರು ತುಂಬಿದಾಗ ಶತಮಾನದ ಗಿಡ ಎಂಬ ಪಟ್ಟವೂ ಇದಕ್ಕೇ ಸಿಕ್ಕಿತು. ನನಗೆ ಕೇಳಿದರೆ ಸ್ವಲ್ಪ ಅತಿಯಾಯಿತು. ಮರದ ಕೆಳಗಿನ ಒಣ ನೆರಳಲ್ಲೂ ನೆಲ ಮುಚ್ಚಿ ಬೆಳೆಯುವ, ಎಲೆ ಉಜ್ಜಿದರೆ ಘಮ್ಮೆನ್ನುವ ಮ್ಯಾಕ್ರೋರೈಜಂ ಎಂಬ ಜಾತಿ ಅದಕ್ಕಿಂತ ಕೆಲಸಕ್ಕೆ ಬರುವ ಗಿಡ. ಇದನ್ನು ಮಾತ್ರ ಬುಡಕ್ಕೆ ಕತ್ತರಿಸಬೇಡಿ, ಹೂವಿನ ಕಡ್ಡಿ ತೆಗೆದರೆ ಸಾಕು.

ಮಣ್ಣಿನ ವಿಷಯದಲ್ಲಿ ತಕರಾರು ಕಡಿಮೆ. ಚಳಿಗಾಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅಷ್ಟು ನೋಡಿಕೊಳ್ಳಿ. ಗೊಬ್ಬರ ಜಾಸ್ತಿಯಾದರೆ ಸೊಪ್ಪು ಸೊಕ್ಕಿ ಗಿಡ ಮಗುಚುತ್ತದೆ. ಸ್ಯಾಂಗ್ವಿನಿಯಂ ಜಾತಿಗೆ ಬಿಸಿಲು ಬೇಕು, ಫೇಯಂ ಜಾತಿಗೆ ನೆರಳಾದರೂ ಸರಿ. ಮೂರ್ನಾಲ್ಕು ವರ್ಷ ಕಳೆದ ಮೇಲೆ ನಡುವೆ ಬೋಳಾಗಿ ಅಂಚಿನಲ್ಲಷ್ಟೇ ಚಿಗುರಿದರೆ ಅಗೆದು ತೆಗೆಯಿರಿ. ಬೇರೂ ಚಿಗುರುಮೊಗ್ಗೂ ಇರುವ ಹೊರಗಿನ ತುಂಡುಗಳನ್ನು ಒಂದಡಿ, ಒಂದೂವರೆ ಅಡಿ ಬಿಟ್ಟು ನೆಡಿ. ನಡುವಿನ ಹಳೇ ಕಟ್ಟಿಗೆಯಂಥ ಭಾಗ ಕಾಂಪೋಸ್ಟಿಗೆ ಹೋಗಲಿ.